ಹುಳದ ಮನೆಯಲ್ಲಿ ಬಿ.ಎ. ಓದಿದ ಮೇಷ್ಟ್ರು

ಮೇಷ್ಟ್ರು ಹೋದರು ಅಂತ ಸುದ್ದಿ ತಂದವಳು ನನ್ನ ಸೊಸೆ. ಹೇಳಿದವಳೇ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಹೈಸ್ಕೂಲಿನಲ್ಲಿ ಅವಳಿಗೂ ಅವರೇ ಪಾಠ ಹೇಳಿದ್ದು. ನಾನು ಅವರೆಕಾಯಿ ಬಿಡಿಸುತ್ತಿದ್ದೆ, ಬಿಡಿಸುತ್ತಲೇ ಇದ್ದೆ.

"ಅತ್ತೆ, ನಿಮ್ಗೆ ವಸಿನೂ ಬೇಜಾರಾಗ್ನಿಲ್ವಾ? ನಿಮ್ಮನ್ನ ಅಕ್ಕಾ ಅಂತ ಬಾಯ್ತುಂಬ ಕರೀತಿದ್ರು."

"ಕರೀತಿದ್ರು ಕಣವ್ವ. ಅದ್ಕೇ ಸುಮ್ಕಿವ್ನಿ" ಅಂದೆ.

ಊರಲ್ಲಿ ಈಗ ಅವರ ಬಗ್ಗೆ ದೊಡ್ಡ ದೊಡ್ಡ ಮಾತು ಆಡುತ್ತಿದ್ದಾರೆ. ಆಡಲಿ. ಅವರು ಒಳ್ಳೆಯ ಮೇಷ್ಟ್ರು, ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಆದರೆ ಅವರು ಬಿ.ಎ. ಓದಿದ್ದು ಎಲ್ಲಿ ಕೂತು, ಯಾರ ಮುಂದೆ ಅನ್ನುವುದು ಹಾಗೆ ಮಾತಾಡುವವರಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ಅವರ ಹೆಸರು ಹೇಳುವುದಿಲ್ಲ. ಹೆಣ್ಣುಮಕ್ಕಳಿದ್ದಾರೆ, ಆ ಮಕ್ಕಳದೇನೂ ತಪ್ಪಿಲ್ಲ.

ನಮ್ಮದು ನಿಡಘಟ್ಟದಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು. ಎಪ್ಪತ್ತರ ದಶಕದ ಮೊದಲಲ್ಲಿ, ನನ್ನ ಮಕ್ಕಳು ಇನ್ನೂ ಚಿಕ್ಕವರಿದ್ದಾಗ, ಅವರು ಪ್ರೈಮರಿ ಸ್ಕೂಲಿಗೆ ಮೇಷ್ಟ್ರಾಗಿ ಬಂದರು. ಮಳವಳ್ಳಿ ಕಡೆಯವರು, ಕುರಿ ತಳಿಗೆ ಹೆಸರಾದ ಬಂಡೂರಿನ ಪಕ್ಕದ ಊರು. ಇನ್ನೂ ಮದುವೆಯಾಗಿರಲಿಲ್ಲ. ಕುಳ್ಳು, ದಪ್ಪ ಕುತ್ತಿಗೆ, ಗಟ್ಟಿ ಮೈ. ನಮ್ಮ ಯಜಮಾನರು ನೋಡಿದ ದಿನವೇ, "ಬಂಡೂರಿಂದ ಕುರಿ ಬತ್ತವೆ ಅಂತ ಗೊತ್ತಿತ್ತು. ಮೇಷ್ಟ್ರೂ ಅದೇ ತಳಿಯೋರು ಬತ್ತಾರೆ ಅಂತ ಗೊತ್ತಿರ್ನಿಲ್ಲ" ಅಂದರು. ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಇವರು ಹೊಟ್ಟೆ ಕುಣಿಸಿ ನಕ್ಕು, "ಎಲ್ಡಕ್ಕೂ ಒಳ್ಳೆ ರೇಟೈತೆ ಕಣಣ್ಣ" ಅಂದರು. ಆ ನಗುವಿಗೇ ನಾವು ಮುಂದಿನ ಕೋಣೆ ಬಿಟ್ಟುಕೊಟ್ಟೆವು. ಊಟವೂ ನಮ್ಮಲ್ಲೇ ಅಂತಾಯಿತು.

ಮುದ್ದೆ ನುಂಗುವಾಗ ಅವರು ಎಡಗಣ್ಣು ಮುಚ್ಚುತ್ತಿದ್ದರು. ಯೋಚನೆ ಮಾಡುವಾಗಲೂ ಅದೇ ಕಣ್ಣು ಮುಚ್ಚುತ್ತಿದ್ದರು. ಊಟದ ಹೊತ್ತಿನಲ್ಲಿ ಅವರು ಎರಡರಲ್ಲಿ ಯಾವುದು ಮಾಡುತ್ತಿದ್ದಾರೆ ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ.

ಆಗಾಗ ಮೈಸೂರಿನಿಂದ ಅಂಚೆಯಲ್ಲಿ ಅವರಿಗೊಂದು ಕಾಗದದ ಕಟ್ಟು ಬರುತ್ತಿತ್ತು. ಕಾಲೇಜಿಗೆ ಹೋಗದೆ, ಕೆಲಸ ಮಾಡಿಕೊಂಡೇ ಓದುವ ಬಿ.ಎ. ಅದು. ಅಂಚೆ ತೆರಪಿನ ಶಿಕ್ಷಣ ಅನ್ನುತ್ತಿದ್ದರು. ಪಾಠ ಪೋಸ್ಟಿನಲ್ಲಿ ಬರುವುದು, ಉತ್ತರ ಪೋಸ್ಟಿನಲ್ಲಿ ಹೋಗುವುದು, ಬೇಸಿಗೆ ರಜೆಯಲ್ಲಿ ಮಾತ್ರ ಮೈಸೂರಿಗೆ ಹೋಗಿ ಕೆಲವು ದಿನ ಕ್ಲಾಸಿನಲ್ಲಿ ಕೂತು ಬರುವುದು. ರಾಜ್ಯಶಾಸ್ತ್ರ, ತತ್ವಶಾಸ್ತ್ರ, ಅರ್ಥಶಾಸ್ತ್ರ. ಪೋಸ್ಟಿನವನು "ಮೇಷ್ಟ್ರ ಕಾಲೇಜು ಬಂತು, ತಗಳ್ರವ್ವ" ಅಂತ ಕಟ್ಟನ್ನು ಜಗಲಿಯ ಮೇಲೆ ಎಸೆದು ಹೋಗುತ್ತಿದ್ದ.

ಮೇಷ್ಟ್ರಿಗೆ ಒಂದು ಕಷ್ಟವಿತ್ತು. ಓದಿದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳದೆ ಇದ್ದರೆ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅರಳಿಕಟ್ಟೆಯಲ್ಲಿ ಓದಿದರೆ ಗಂಡಸರು, "ಏನ್ಲಾ, ಮೇಷ್ಟ್ರು ಮಂತ್ರ ಯೋಳ್ತಾವ್ರೆ, ಯಾರ್ಗೆ ದೆವ್ವ ಬಿಡಿಸ್ತಾರಂತೆ?" ಅಂತ ಆಡಿಕೊಳ್ಳುತ್ತಿದ್ದರು. ಕೊನೆಗೆ ಅವರು ಕೇಳಿದ್ದು ನನ್ನ ಹುಳದ ಮನೆಯನ್ನು.

ನಾವು ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನೆಂಟರನ್ನೂ ಬಿಡುವುದಿಲ್ಲ. ಕಾಲು ತೊಳೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಬೀಡಿ, ಹೊಗೆಸೊಪ್ಪು ಅಂತೂ ಹತ್ತಿರವೇ ಸುಳಿಯಬಾರದು. ಆ ಹೊಗೆ ತಗುಲಿದರೆ ಹುಳ ತಲೆ ಆಡಿಸಿ, ವಾಂತಿ ಮಾಡಿ ಬಿದ್ದುಹೋಗುತ್ತವೆ. ನಮ್ಮ ಯಜಮಾನರೇ ಬೀಡಿ ಸೇದಿದ ದಿನ ಒಳಗೆ ಬರುತ್ತಿರಲಿಲ್ಲ. ಮೇಷ್ಟ್ರೂ ಬೀಡಿ ಸೇದುವವರು. ಆದರೂ ಒಪ್ಪಿದೆ. ಬೀಡಿಕಟ್ಟು ಬೇವಿನ ಮರದ ಬುಡದಲ್ಲಿ, ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಆಮೇಲೆ ಹೊಸಲು ದಾಟಬೇಕು ಅಂದೆ. ಒಂದು ದಿನವೂ ತಪ್ಪಲಿಲ್ಲ. ದೇವಸ್ಥಾನಕ್ಕೆ ಹೋಗುವವರ ಹಾಗೆ ಬರುತ್ತಿದ್ದರು.

ನಾನು ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳದ ತಟ್ಟೆಗಳಿಗೆ ಹಾಕುತ್ತಿದ್ದೆ, ಅವರು ಮೂಲೆಯಲ್ಲಿ ಮಣೆಯ ಮೇಲೆ ಕೂತು ಪಾಠ ಹೇಳುತ್ತಿದ್ದರು. ದೊಡ್ಡ ಹುಳಗಳು ಸೊಪ್ಪು ಮೇಯುವಾಗ ಮಳೆ ಹುಯ್ದ ಹಾಗೆ ಸದ್ದಾಗುತ್ತದೆ. ಆ ಸದ್ದಿನಲ್ಲಿ ಅವರ ದನಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಅರ್ಧ ತಿಳಿಯುತ್ತಿರಲಿಲ್ಲ. ಹೂಂ ಅನ್ನುತ್ತಿದ್ದೆ. ಅದಕ್ಕೂ ಬಿಡುತ್ತಿರಲಿಲ್ಲ.

"ಪ್ರಶ್ನೆ ಕೇಳ್ದೆ ಒಪ್ಕಬೇಡ ಕಣಕ್ಕ. ಹೂಂ ಅಂದ್ರೆ ನಂಗೆ ಮಾರ್ಕ್ಸು ಬರಾಕಿಲ್ಲ."

"ಏನ್ ಕೇಳ್ಲಿ ಮೇಷ್ಟ್ರೆ? ಸೊಪ್ಪು ಸಾಕಾ ಅಂತ ಕೇಳ್ಲಾ?"

"ಯಾಕೆ ಅಂತ ಕೇಳು. ಎಲ್ಲದ್ಕೂ ಆಗುತ್ತೆ."

ಹಾಗೆ ನಾನು ಯಾಕೆ ಅನ್ನುವುದನ್ನು ಕಲಿತೆ. ಮನೆಯಲ್ಲಿ ಯಜಮಾನರ ಮೇಲೆ ಒಂದೆರಡು ಸಲ ಪ್ರಯೋಗ ಮಾಡಿ ಬೈಸಿಕೊಂಡದ್ದೂ ಉಂಟು.

ಒಂದು ದಿನ ಅವರು ನ್ಯಾಯ ಅಂದರೇನು ಅನ್ನುವ ಪಾಠ ಹೇಳುತ್ತಿದ್ದರು. ಯಾರೋ ಹಳೆಯ ಕಾಲದವರ ಮಾತು, ಪುಟಗಟ್ಟಲೆ ಇತ್ತು. ನನಗೆ ಹೇಳಲಾರದೆ ತೊಡರಿಕೊಂಡರು. ಎಡಗಣ್ಣು ಮುಚ್ಚಿದರು. ಆಮೇಲೆ ಕಾಗದ ಮಡಚಿಟ್ಟು, "ಗುಡ್ಡೆ ಬಾಡು ಗೊತ್ತಲ್ಲಕ್ಕ?" ಅಂದರು. ಗೊತ್ತಿಲ್ಲದೆ ಏನು. ನಾಲ್ಕು ಮನೆಯವರು ಸೇರಿ ಒಂದು ಕುರಿ ಕೊಯ್ದು, ಬಾಡನ್ನು ಗುಡ್ಡೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. "ಗುಡ್ಡೆ ಹಾಕೋನು ತನ್ ಪಾಲ್ನ ಕೊನೇಲಿ ಎತ್ಕಬೇಕು. ಆಗ ಎಲ್ಲಾ ಗುಡ್ಡೇನೂ ಸಮ ಹಾಕ್ತಾನೆ. ಮೊದ್ಲು ಎತ್ಕಳಂಗಿದ್ರೆ ತೊಡೆ ಮಾಂಸ ಎಲ್ಲಾ ಒಂದ್ಕಡೆ ಸೇರುತ್ತೆ. ನ್ಯಾಯ ಅಂದ್ರೆ ಅಷ್ಟೆ ಕಣಕ್ಕ, ಗುಡ್ಡೆ ಹಾಕೋನು ಕೊನೇಲಿ ಎತ್ಕಳಾದು." ಹೇಳಿ ತಮಗೇ ಖುಷಿಯಾಗಿ ತೊಡೆ ತಟ್ಟಿಕೊಂಡರು. ಅಂಥಾ ಮೇಷ್ಟ್ರು ಅವರು. ಮೈಸೂರಿನಿಂದ ಬಂದ ಕಟ್ಟನ್ನು ನಮ್ಮೂರ ಮಾತಿಗೆ ತಿರುಗಿಸುವ ಶಕ್ತಿ ಇತ್ತು.

ಇನ್ನೊಂದು ದಿನ, "ಸರ್ಕಾರ ಅಂದ್ರೆ ಯಾರಕ್ಕ?" ಅಂದರು.

"ಶಾನುಭೋಗ್ರು, ಅಮಲ್ದಾರ್ರು. ಮ್ಯಾಲೆ ಇನ್ಯಾರೋ ಅವ್ರೆ."

"ಅಲ್ಲ. ನೀನು."

ಕೈಯಲ್ಲಿದ್ದ ಸೊಪ್ಪು ಚೆಲ್ಲುವಷ್ಟು ನಕ್ಕೆ. ಆದರೆ ಮಾರನೆಯ ದಿನ ನೀರು ಹೊರುವಾಗ ಆ ಮಾತು ತಲೆಯಲ್ಲೇ ತಿರುಗುತ್ತಿತ್ತು.

ನೀರಿನ ವಿಷಯ ಹೇಳಬೇಕು. ನಮ್ಮದು ಹಿಂದಲ ಬೀದಿ. ಅಲ್ಲಿನ ಬಾವಿಯದು ಸೌಳು ನೀರು. ಬಟ್ಟೆ ಒಗೆದರೆ ನೊರೆ ಬಾರದು, ಬೇಳೆ ಹಾಕಿದರೆ ಬೇಯದು. ಸಿಹಿನೀರಿಗೆ ತೋಪಿನ ಬಾವಿಗೆ ಹೋಗಬೇಕು. ಬಸುರಿಯರು, ಬಾಣಂತಿಯರು, ಮುದುಕಿಯರು, ಎಲ್ಲರೂ ಕೊಡ ಹೊತ್ತು ತೋಪಿನ ಏರಿ ಹತ್ತುತ್ತಿದ್ದರು. ಆ ವರ್ಷ ಸರ್ಕಾರದವರು ಊರಿಗೊಂದು ಕೈಪಂಪಿನ ಬೋರು ಹಾಕಿಸುತ್ತಾರೆ, ಎಲ್ಲಿ ಹಾಕಬೇಕು ಅಂತ ಪಂಚಾಯ್ತಿಯವರು ಹೇಳಬೇಕು ಅಂತ ಸುದ್ದಿ ಬಂತು. ಅದರ ಹಿಂದೆಯೇ ಪಂಚಾಯ್ತಿ ಚುನಾವಣೆಯೂ ಬಂತು. ಅದರಲ್ಲಿ ಹೆಂಗಸರಿಗೆ ಅಂತ ಮೀಸಲು ಜಾಗವಿತ್ತು.

"ನೀನು ನಿಂತ್ಕಳಕ್ಕ" ಅಂದರು ಮೇಷ್ಟ್ರು.

"ನಂಗೆ ತಲೆ ಕೆಟ್ಟದಾ?"

"ಹಿಂದಲ ಬೀದಿ ಹೆಂಗಸ್ರು ಎಲ್ರೂ ನಿಂಗೇ ಹಾಕ್ತಾರೆ. ಗೆದ್ರೆ ಬೋರು ಎಲ್ಲಿಗೆ ಅಂತ ಕೇಳೋ ಜಾಗದಲ್ಲಿ ನೀನು ಕುಂತಿರ್ತೀಯ. ಇಲ್ದಿದ್ರೆ ಪಟೇಲ್ರು ಅವ್ರ ಅಂಗಳಕ್ಕೇ ಹಾಕಿಸ್ಕತಾರೆ. ಯೋಚ್ನೆ ಮಾಡು."

ಪಟೇಲರು ಅಂದರೆ ನಮ್ಮೂರಿನ ಹಳೆಯ ಯಜಮಾನಿಕೆಯ ಮನೆಯವರು. ಪಟೇಲಿಕೆ ಹೋಗಿದ್ದರೂ ಊರಿನ ಮಾತು ಅವರದೇ. ನಮ್ಮೂರಲ್ಲಿ ಅದುವರೆಗೆ ಪಂಚಾಯ್ತಿಗೆ ಓಟು ಅಂತ ನಡೆದೇ ಇರಲಿಲ್ಲ. ಪಟೇಲರ ಜಗಲಿಯಲ್ಲಿ ಕೂತು ಇವರು ಇವರು ಅಂತ ತೀರ್ಮಾನ ಮಾಡಿ, ಅವಿರೋಧ ಆಯ್ಕೆ ಅಂತ ಬರೆಸಿಬಿಡುತ್ತಿದ್ದರು.

ನಾನು ನಿಂತೆ. ಯಜಮಾನರು ಮೊದಲು ಹಾರಾಡಿದರು. "ಅವ್ಳು ಗೆದ್ರೆ ನೀರು ನಿಮ್ಮನೆ ಬಾಗಿಲ್ಗೇ ಬತ್ತದೆ, ದನಕ್ಕೂ ಆಯ್ತದೆ" ಅಂತ ಮೇಷ್ಟ್ರೇ ಒಪ್ಪಿಸಿದರು. ತಾವು ಸರ್ಕಾರಿ ನೌಕರರು, ಮುಂದೆ ಬರುವ ಹಾಗಿಲ್ಲ ಅಂತ, ಭಾಷಣವನ್ನು ಹುಳದ ಮನೆಯಲ್ಲೇ ಕಲಿಸಿದರು. "ಹುಳಗಳನ್ನೇ ಜನ ಅನ್ಕೊ" ಅಂದರು. ಸಾವಿರಗಟ್ಟಲೆ ಹುಳದ ಮುಂದೆ ನಿಂತು, "ಅಕ್ಕತಂಗೇರೆ, ನಮ್ ಬೀದಿಗೆ ಸಿಹಿನೀರು ಬೇಕು" ಅಂತ ಕೂಗಿದೆ. ಅವು ತಲೆ ಎತ್ತದೆ ಮೇಯುತ್ತಿದ್ದವು. "ಊರ ಜನವೂ ಇಂಗೇ ಮೇಯ್ತಾ ಇರ್ತಾರೆ, ಎದುರ್ಕಬೇಡ" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬೀದಿಯ ಹೆಂಗಸರು ತೋಪಿನ ಬಾವಿಯ ಹತ್ತಿರ ನನ್ನನ್ನು "ಏನ್ ಮೆಂಬರಮ್ಮ, ಕೊಡ ನೀವೇ ಹೊರ್ತೀರಾ?" ಅಂತ ರೇಗಿಸುತ್ತಿದ್ದರು. ರೇಗಿಸುತ್ತಲೇ ನಂಬಿದ್ದರು. ನಾನೂ ನಂಬಿದ್ದೆ.

ಹೆಸರು ವಾಪಸ್ಸು ತೆಗೆದುಕೊಳ್ಳುವುದಕ್ಕೆ ಕೊನೆಯ ದಿನ ಅಂತ ಒಂದಿತ್ತು. ಅವತ್ತೇ ನನ್ನ ಹುಳ ಹಣ್ಣಾದವು. ಹಣ್ಣಾಗುವುದು ಅಂದರೆ, ಮೇವು ಬಿಟ್ಟು, ತಲೆ ಮೇಲಕ್ಕೆತ್ತಿ, ಮೈ ತಿಳಿಯಾಗಿ ಗೂಡು ಕಟ್ಟಲು ಸಿದ್ಧವಾಗುವುದು. ಆಗ ತಡ ಮಾಡುವ ಹಾಗಿಲ್ಲ. ಒಂದೊಂದನ್ನೇ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಅಷ್ಟು ದಿನದ ದುಡಿಮೆ ಎಲ್ಲ ಆ ಒಂದು ದಿನದ ಮೇಲೆ ನಿಂತಿರುತ್ತದೆ. ಬೀದಿಯ ಹೆಂಗಸರು ಮುಯ್ಯಾಳಾಗಿ ಬಂದಿದ್ದರು; ಇವತ್ತು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾನು. ಯಜಮಾನರು ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಹೋಗಿದ್ದರು.

ಬಿಸಿಲೇರುವ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಪಟೇಲರು, ಅವರ ಹಿಂದೆ ನಾಲ್ಕೈದು ಗಂಡಸರು. ಎಲ್ಲರ ಕೈಯಲ್ಲೂ ಹಚ್ಚಿದ ಬೀಡಿ. ಗಾಳಿ ಒಳಮುಖವಾಗಿ ಬೀಸುತ್ತಿತ್ತು.

"ಅಣ್ಣಾ, ಬೀಡಿ! ಹುಳ ಅವೆ ಒಳಗೆ! ಆಚೆ ಓಗಿ!" ಅಂತ ಕಿರುಚಿದೆ.

ಪಟೇಲರು ಕದಲಲಿಲ್ಲ. "ಗೊತ್ತು ಕಣವ್ವ. ಇವತ್ತು ಹುಳ ಹಣ್ಣಾಯ್ತವೆ, ನಿಂಗೆ ಕೈ ಬಿಡುವಿರಾಕಿಲ್ಲ ಅಂತ ಮೇಷ್ಟ್ರು ಯೋಳುದ್ರು. ಅದ್ಕೇ ನಾವೇ ಬಂದೋ. ಇದ್ಕೊಂದು ರುಜು ಹಾಕ್ಬುಡು, ಓಯ್ತೀವಿ."

ಆಗ ನೋಡಿದೆ. ಅವರೆಲ್ಲರ ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ನಾನು ಹೆಸರು ವಾಪಸ್ಸು ತೆಗೆದುಕೊಂಡಿದ್ದೇನೆ ಅಂತ ಬರೆದ ಕಾಗದ. ಅಕ್ಷರ ಅವರದೇ. ಅವರ ಕೈಯಲ್ಲಿ ಬೀಡಿ ಇರಲಿಲ್ಲ. ಕಾಲು ಒದ್ದೆಯಾಗಿತ್ತು, ಮೀಸೆಯ ತುದಿಯಲ್ಲಿ ನೀರಿನ ಹನಿ ಇತ್ತು. ಅವತ್ತೂ ಬೇವಿನ ಮರದ ಹತ್ತಿರ ಬಾಯಿ ಮುಕ್ಕಳಿಸಿ, ಕಾಲು ತೊಳೆದು ಬಂದಿದ್ದರು. ಹುಳಕ್ಕೆ ಹೊಗೆ ಏನು ಮಾಡುತ್ತದೆ ಅಂತ ಆ ಗುಂಪಿನಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ.

"ಯಾಕೆ ಮೇಷ್ಟ್ರೆ?" ಅಂದೆ.

"ಊರು ಒಡೀಬಾರ್ದು ಕಣಕ್ಕ."

"ಯಾಕೆ ಅಂತ ಕೇಳು ಅಂದೋರು ನೀವೇ ಅಲ್ವಾ? ಕೇಳ್ತಾ ಇವ್ನಿ. ನೀವೇ ನಿಲ್ಸಿ, ನೀವೇ ಯಾಕೆ ತೆಗೀತೀರಾ?"

"ಆಮೇಲೆ ಯೋಳ್ತೀನಿ. ಈಗ ಹುಳ ನೋಡಕ್ಕ."

ಹೊಗೆ ತೆಳ್ಳಗೆ ಒಳಗೆ ಬರುತ್ತಿತ್ತು. ಬಾಗಿಲ ಕಡೆಯ ತಟ್ಟೆಯಲ್ಲಿ ಹುಳಗಳು ತಲೆ ಅಲ್ಲಾಡಿಸಲು ಶುರುಮಾಡಿದವು. ಹೆಂಗಸರು ಕೈತುಂಬ ಹುಳ ಹಿಡಿದು ನನ್ನ ಮುಖ ನೋಡುತ್ತಿದ್ದರು. ಮೇಷ್ಟ್ರು ಪೆನ್ನು ಚಾಚಿದರು. ಅವರು ಯೋಚಿಸುತ್ತಿದ್ದಾರೋ ಅಂತ ಮುಖ ನೋಡಿದೆ. ಎರಡು ಕಣ್ಣೂ ತೆರೆದೇ ಇದ್ದವು. ಯೋಚನೆಯೆಲ್ಲ ಮುಗಿಸಿಕೊಂಡೇ ಬಂದಿದ್ದರು.

ರುಜು ಹಾಕಿದೆ. ಬೀಡಿಗಳು ಹೋದವು.

ಗೂಡು ಚೆನ್ನಾಗಿಯೇ ಬಂತು. ಯಜಮಾನರು ಊರಿಗೆ ಬಂದು ಎಲ್ಲ ಕೇಳಿ, "ಹುಳ ಉಳೀತಲ್ಲ, ಬುಡು ಅತ್ಲಾಗೆ" ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ನನಗೆ ಸರ್ಕಾರ ನೀನು ಅಂತ ಯಾವತ್ತೂ ಹೇಳಿರಲಿಲ್ಲ.

ಹೆಂಗಸರ ಜಾಗಕ್ಕೆ ಪಟೇಲರ ಹೆಂಡತಿ ಅವಿರೋಧ ಆಯ್ಕೆಯಾದರು. ಆ ತಾಯಿ ಪಂಚಾಯ್ತಿ ಕಟ್ಟಡದ ಒಳಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಕಾಗದಗಳೇ ಅವರ ಅಡುಗೆಮನೆಗೆ ಬರುತ್ತಿದ್ದವು. ಬೋರು ಪಟೇಲರ ಅಂಗಳದಲ್ಲಿ, ಕಾಂಪೌಂಡಿನ ಒಳಗೆ ಬಿತ್ತು. ಬೇಸಿಗೆಯಲ್ಲಿ ಪಟೇಲರ ಮಗಳನ್ನು ಮೇಷ್ಟ್ರಿಗೆ ಕೊಟ್ಟು ಮದುವೆ ಮಾಡಿದರು. ಗಂಡುಮಕ್ಕಳಿರಲಿಲ್ಲವಾಗಿ ಮನೆ ಅಳಿಯನನ್ನಾಗಿ ಇಟ್ಟುಕೊಂಡರು. ಪಟೇಲರ ಭಾವ ಮದ್ದೂರಿನ ಕಡೆ ಯಾವುದೋ ಹೈಸ್ಕೂಲಿನ ಕಮಿಟಿಯಲ್ಲಿದ್ದರು. ಬಿ.ಎ. ಆದರೆ ಅಲ್ಲಿ ಕೆಲಸ ಅಂತ ಮಾತಾಗಿತ್ತಂತೆ. ಇವೆಲ್ಲ ಯಾವಾಗ ಮಾತಾದವು ಅಂತ ನನಗೆ ತಿಳಿಯದು. ಬೆಳಿಗ್ಗೆ ನನಗೆ ಭಾಷಣ ಕಲಿಸಿ ಸಂಜೆ ಅಲ್ಲಿ ಮಾತಾಡಿದರೋ, ಅಲ್ಲಿ ಮಾತಾಡಿ ಬಂದ ಮೇಲೂ ನನ್ನ ಜೊತೆ ನಗುತ್ತಿದ್ದರೋ. ಎರಡನೆಯದಾಗಿದ್ದರೆ ಆ ನಗುವಿನಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಈಗಲೂ ಕೆಲವು ಸಲ ಎಣಿಸುತ್ತಾ ಕೂರುತ್ತೇನೆ.

ಬಿ.ಎ. ಪಾಸಾದ ದಿನ ಮೇಷ್ಟ್ರು ಮಿಠಾಯಿ ಪೊಟ್ಟಣ ಹಿಡಿದು ನೇರ ಹುಳದ ಮನೆಗೇ ಬಂದರು. ಮೈಮೇಲೆ ಮಾವನ ಮನೆಯ ಹೊಸ ಪಂಚೆ. ಬೇವಿನ ಮರದ ಹತ್ತಿರ ಕಾಲು ತೊಳೆದದ್ದನ್ನು ನಾನು ಒಳಗಿನಿಂದ ನೋಡಿದೆ.

"ಅಕ್ಕಾ, ಪಾಸಾದೆ! ನಿನ್ನಿಂದ್ಲೇ ಕಣಕ್ಕ. ರಾಜ್ಯಶಾಸ್ತ್ರದ ಪೇಪರ್ನಲ್ಲಿ ಹಳ್ಳಿ ಪಂಚಾಯ್ತಿ ಬಗ್ಗೆ ಕೇಳಿದ್ರು. ಬೇರೆಯೋರು ಪಾಠದಲ್ಲಿದ್ದದ್ನ ಬರುದ್ರು. ನಾನು ನಮ್ಮೂರ್ನೇ ಬರ್ದೆ. ಒಬ್ಬ ಹೆಣ್ಣುಮಗ್ಳು ಊರಿನ ಒಗ್ಗಟ್ಟಿಗೋಸ್ಕರ ತಾನೇ ಮನಸಾರೆ ಇಂದಕ್ಕೆ ಸರಿದ್ಲು, ಜಗಳ ಇಲ್ದೆ, ಓಟಿಲ್ದೆ ಎಲ್ಲಾ ಸರಿಹೋಯ್ತು ಅಂತ. ಒಳ್ಳೆ ಮಾರ್ಕ್ಸು ಬಂದವೆ."

ಅವರ ಮುಖ ನೋಡಿದೆ. ಹಂಗಿಸಲು ಬಂದವರ ಮುಖವಲ್ಲ ಅದು. ನಿಜವಾಗಿಯೂ ಖುಷಿಯಲ್ಲಿದ್ದರು, ನಾನೂ ಖುಷಿಪಡುತ್ತೇನೆ ಅಂದುಕೊಂಡಿದ್ದರು. ಬರೆದು ಬರೆದು ತಾವೇ ನಂಬಿಬಿಟ್ಟಿದ್ದರು. ಅವತ್ತು ಅವರು ಬಾಗಿಲಲ್ಲಿ ನಿಂತಾಗ ಆದ ನೋವಿಗಿಂತ ಅದು ಹೆಚ್ಚು ಚುಚ್ಚಿತು.

"ಬೀಡಿ ಬರೆದ್ಯಾ?" ಅಂದೆ.

"ಆ?"

"ಉತ್ರದಲ್ಲಿ. ಬೀಡಿ ವಿಷ್ಯ ಬರೆದ್ಯಾ ಅಂತ ಕೇಳ್ದೆ."

ಎಡಗಣ್ಣು ಮುಚ್ಚಿಕೊಂಡಿತು. ಮಿಠಾಯಿಯನ್ನು ಹೊಸಲಿನ ಮೇಲಿಟ್ಟು, "ಬತ್ತೀನಕ್ಕ" ಅಂದರು. "ಇನ್ನೊಂದ್ಸಲ ಒಳಗೆ ಬರ್ಬೇಡ. ಹುಳದ ಮನೆಗೆ ಹೊರಗ್ನೋರ್ನ ಬಿಡಾಕಿಲ್ಲ" ಅಂದೆ.

ಆಮೇಲೆ ಅವರು ಹೈಸ್ಕೂಲಿಗೆ ಹೋದರು, ಹೆಡ್‌ಮೇಷ್ಟ್ರಾದರು. ಹುಡುಗರಿಗೆ ಚೆನ್ನಾಗಿ ಹೇಳಿಕೊಡುತ್ತಿದ್ದರು. ಬಡವರ ಮಕ್ಕಳನ್ನು ಕರೆದು ಕೂರಿಸಿಕೊಂಡು ಓದಿಸಿದರು. ನನ್ನ ಮಗನೂ ಅವರ ಕೈಯಲ್ಲೇ ಪಾಸಾದ. ಗುಡ್ಡೆ ಬಾಡಿನ ಪಾಠವನ್ನು ವರ್ಷವರ್ಷವೂ ಹೇಳುತ್ತಿದ್ದರಂತೆ; ಮಗ ಮನೆಗೆ ಬಂದು ನನಗೇ ಹೇಳಿಕೊಟ್ಟ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎದುರಾದಾಗ "ಅಕ್ಕಾ, ಚೆನ್ನಾಗಿದ್ದೀಯಾ?" ಅನ್ನುತ್ತಿದ್ದರು. "ಇವ್ನಿ" ಅನ್ನುತ್ತಿದ್ದೆ. ಆಮೇಲೆ ಹೇಳುತ್ತೇನೆ ಅಂದದ್ದನ್ನು ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಎಷ್ಟೋ ವರ್ಷ ಆದ ಮೇಲೆ ನಮ್ಮ ಬೀದಿಗೂ ನಲ್ಲಿ ಬಂತು. ಅಷ್ಟರಲ್ಲಿ ನನ್ನ ಜೊತೆ ತೋಪಿನ ಏರಿ ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಇರಲಿಲ್ಲ.

ತಿಥಿಯ ದಿನ ಸೊಸೆಯ ಕೈ ಹಿಡಿದುಕೊಂಡು ಹೋದೆ. ಹೋಗದಿದ್ದರೆ ಊರವರ ಬಾಯಿಗೆ ಸಿಕ್ಕಬೇಕು. ಪಟೇಲರ ಮನೆಯ ಅಂಗಳದಲ್ಲೇ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಫೋಟೋದಲ್ಲಿ ಎರಡು ಕಣ್ಣೂ ತೆರೆದಿದ್ದವು. ಬಿಸಿಲಿಗೆ ನನಗೆ ಬಾಯಿ ಒಣಗಿತ್ತು. ಅವರ ದೊಡ್ಡ ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚೊಂಬಿನಲ್ಲಿ ನೀರು ತಂದುಕೊಟ್ಟಳು.

"ಕುಡೀರಿ ದೊಡ್ಡವ್ವ. ನಮ್ ಬೋರಿನ ನೀರೇ. ಊರಿಗೆಲ್ಲಾ ಮೊದ್ಲು ಬಂದಿದ್ದು ಇದೇ ಅಂತೆ. ಅಪ್ಪಾನೇ ಮುಂದೆ ನಿಂತು ಹಾಕಿಸಿದ್ರು ಅಂತ ತಾತ ಯೋಳ್ತಿದ್ರು."

"ಹೂಂ ಕಣವ್ವ. ನಿಮ್ಮಪ್ನೇ ಹಾಕ್ಸಿದ್ದು. ನಾನೂ ರುಜು ಹಾಕಿದ್ದೆ" ಅಂದೆ.

ಅವಳು ಹೆಮ್ಮೆಯಿಂದ ನಕ್ಕಳು. ನಾನು ಚೊಂಬು ಎತ್ತಿ ಕುಡಿದೆ. ಸಿಹಿನೀರು. ಬೇಳೆ ಚೆನ್ನಾಗಿ ಬೇಯುವಂಥ ನೀರು.